ಕೇಪು ಏರಿಸದ ಕೋವಿ, ಇನ್ನೂರು ಗಜದ ಬಯಲು: ಎಮರಿ ಅಪ್ಟನ್ 24ಕ್ಕೆ ಜನರಲ್ ಆದ ಬಗೆ

1864ರ ಮೇ 10ರ ಸಂಜೆ. ಅಮೆರಿಕದ ವರ್ಜೀನಿಯಾದಲ್ಲಿ ಒಂದು ಪೈನ್ ಕಾಡಿನ ಅಂಚು. ಸುಮಾರು 5,000 ಸೈನಿಕರು ನಾಲ್ಕು ಸಾಲಾಗಿ ನೆಲಕ್ಕೆ ಎದೆಯೊತ್ತಿ ಮಲಗಿದ್ದಾರೆ. ಮೊದಲ ಸಾಲಿನವರ ಕೋವಿಯಲ್ಲಿ ಮದ್ದು, ಗುಂಡು ಎರಡೂ ತುಂಬಿದೆ, ಮದ್ದಿಗೆ ಕಿಡಿ ಹೊತ್ತಿಸುವ ಕೇಪೂ ಏರಿದೆ. ಹಿಂದಿನ ಮೂರು ಸಾಲಿನವರ ಕೋವಿಗೂ ಮದ್ದು, ಗುಂಡು ತುಂಬಿದೆ, ಆದರೆ ಕೇಪು ಇಲ್ಲ. ಕುದುರೆ ಎಳೆದರೆ ಟಕ್ ಎಂದು ಸದ್ದಾದೀತೇ ಹೊರತು ಈಡು ಹಾರದು. ಎಲ್ಲರ ಕೋವಿಯ ತುದಿಗೂ ಬಯೊನೆಟ್ ಸಿಕ್ಕಿಸಿದೆ. ಕಾಡು ಮುಗಿದಲ್ಲಿಂದ 200 ಗಜ ಬಯಲು, ಬಯಲಿನಾಚೆ ಶತ್ರುವಿನ ಮಣ್ಣು-ದಿಮ್ಮಿಯ ಗೋಡೆ.

ಹಾರದ ಕೋವಿ ಹಿಡಿದು ಆ ಗೋಡೆಗೆ ಓಡಿ ಎಂದು ಆಜ್ಞೆ ಕೊಟ್ಟವನು ಒಕ್ಕೂಟದ ಸೈನ್ಯದ ಕರ್ನಲ್ ಎಮರಿ ಅಪ್ಟನ್. ವಯಸ್ಸು 24. ಈ ದಾಳಿ ಅವನನ್ನು ಬ್ರಿಗೇಡಿಯರ್ ಜನರಲ್ ಮಾಡಿತು.

ಉತ್ತರದ ಒಕ್ಕೂಟಕ್ಕೂ ಅದರಿಂದ ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ನಡೆದ, 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧ ಚಿಕ್ಕ ವಯಸ್ಸಿನ ಜನರಲ್‌ಗಳನ್ನು ಸಾಕಷ್ಟು ಕಂಡಿದೆ. ಜಾರ್ಜ್ ಕಸ್ಟರ್ 23ಕ್ಕೇ ಆದ. ಆದರೆ ಒಬ್ಬ ಹುಡುಗನಿಗೆ ಆ ಪದವಿ ಏಕೆ ಸಿಕ್ಕಿತು ಎಂಬುದನ್ನು ಒಂದು ಸಂಜೆಯ ಕೆಲಸದಲ್ಲಿ, ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ನೋಡಬಹುದಾದದ್ದು ಅಪ್ಟನ್ ಒಬ್ಬನ ವಿಷಯದಲ್ಲಿ. ಈ ದಾಳಿಯನ್ನು ಸಾಮಾನ್ಯವಾಗಿ ‘ಕಿರಿದಾದ ಜಾಗಕ್ಕೆ ದಟ್ಟವಾಗಿ ನುಗ್ಗಿದ ದಾಳಿ’ ಎಂದು ನೆನೆಯುತ್ತಾರೆ. ದಟ್ಟಣೆ ಅದರಲ್ಲಿ ಎಲ್ಲಕ್ಕಿಂತ ಸುಲಭದ ಭಾಗ. ಗೋಡೆ ದಾಟಿದ ಮರುಕ್ಷಣ ಯಾವ ರೆಜಿಮೆಂಟು ಯಾವ ಕಡೆ ತಿರುಗಬೇಕು ಎಂಬುದನ್ನು ಓಟ ಶುರುವಾಗುವ ಮೊದಲೇ ತೀರ್ಮಾನಿಸಿದ್ದು ಕಷ್ಟದ ಭಾಗ. ಆಮೇಲೆ ಇದನ್ನು ನಕಲು ಮಾಡಿದವರು ಆ ಭಾಗವನ್ನೇ ಬಿಟ್ಟರು.

ಅಲ್ಲಿಯವರೆಗಿನ ಅಪ್ಟನ್

ನ್ಯೂಯಾರ್ಕ್ ರಾಜ್ಯದ ಬಟೇವಿಯಾ ಊರಿನ ಹತ್ತಿರದ ರೈತ ಕುಟುಂಬದವನು, ಹುಟ್ಟಿದ್ದು 1839ರ ಆಗಸ್ಟ್ 27. ಓಬರ್ಲಿನ್ ಕಾಲೇಜಿನಲ್ಲಿ ಸ್ವಲ್ಪ ಕಾಲ ಓದಿದ. ಕರಿಯರನ್ನೂ ಹೆಂಗಸರನ್ನೂ ಸೇರಿಸಿಕೊಳ್ಳುತ್ತಿದ್ದ ಕಾಲೇಜು ಅದು, ಆ ಕಾಲಕ್ಕೆ ಬಲು ಅಪರೂಪ. ಮುಂದೆ ವೆಸ್ಟ್‌ಪಾಯಿಂಟ್ ಸೇನಾ ಅಕಾಡೆಮಿ ಸೇರಿದಾಗ, ಗುಲಾಮಗಿರಿ ತಪ್ಪು ಎಂದು ಬಾಯಿಬಿಟ್ಟು ಹೇಳುತ್ತಿದ್ದ ಕೆಲವೇ ಕೆಡೆಟ್‌ಗಳಲ್ಲಿ ಅವನೊಬ್ಬ. ಓಬರ್ಲಿನ್ ವಾಸವನ್ನು ಹಿಡಿದು ದಕ್ಷಿಣ ಕ್ಯಾರೊಲಿನಾದ ವೇಡ್ ಗಿಬ್ಸ್ ಎಂಬ ಕೆಡೆಟ್ ಕೀಳಾಗಿ ಆಡಿದಾಗ ಇಬ್ಬರೂ ಒಂದು ಕೋಣೆಯಲ್ಲಿ ಕತ್ತಿ ಹಿಡಿದು ಕಾದಾಡಿದರು, ಅಪ್ಟನ್ ಮುಖಕ್ಕೆ ಗಾಯವಾಯಿತು. 1861ರ ಮೇ ತಿಂಗಳಲ್ಲಿ 45 ಜನರ ತರಗತಿಯಲ್ಲಿ ಎಂಟನೆಯವನಾಗಿ ಹೊರಬಂದ. ಎರಡೇ ತಿಂಗಳಿಗೆ ಬುಲ್ ರನ್ ಕಾಳಗದಲ್ಲಿ ಗಾಯಗೊಂಡ.

ಮೊದಲು ಅವನ ಕೈಗೆ ಬಂದದ್ದು ಫಿರಂಗಿ. 1862ರ ಅಕ್ಟೋಬರ್‌ನಲ್ಲಿ 121ನೇ ನ್ಯೂಯಾರ್ಕ್ ರೆಜಿಮೆಂಟಿನ ಕರ್ನಲ್ ಆದ. ಹೊಸ ರೆಜಿಮೆಂಟು, ಹಳ್ಳಿ ಹುಡುಗರು, ಪಾಳೆಯದ ತುಂಬ ಕಾಯಿಲೆ. ಅಪ್ಟನ್ ಮೊದಲು ಪಾಳೆಯವನ್ನು ಚೊಕ್ಕಟ ಮಾಡಿಸಿದ. ಆಮೇಲೆ ಅಧಿಕಾರಿಗಳನ್ನು ಪರೀಕ್ಷೆಗೆ ಕೂರಿಸಿ, ಕೈಲಾಗದವರನ್ನು ಮನೆಗೆ ಕಳಿಸಿದ. ದಿನವೂ ಕವಾಯತು. ಸೈನ್ಯದವರು ಆ ರೆಜಿಮೆಂಟನ್ನು ‘ಅಪ್ಟನ್‌ನ ರೆಗ್ಯುಲರ್‌ಗಳು’, ಅಂದರೆ ಕಾಯಂ ಸೈನಿಕರು, ಎಂದು ಕರೆಯತೊಡಗಿದರು. ಇಷ್ಟೆಲ್ಲ ಆದರೂ 1863ರ ಮೇ 3ರಂದು ಸೇಲಂ ಚರ್ಚ್ ಬಳಿ ಅವರ ಮೊದಲ ದೊಡ್ಡ ಕಾಳಗದಲ್ಲಿ 453 ಜನರಲ್ಲಿ 276 ಜನ ಸತ್ತೋ ಗಾಯಗೊಂಡೋ ಕಾಣೆಯಾಗಿಯೋ ಹೋದರು. ಕಾಡಿನೊಳಗೆ ಅಡಗಿದ್ದ ಶತ್ರುವಿನ ಎದುರು ನೆಟ್ಟಗೆ ನಡೆದುಹೋಗಿ, ನಿಂತು, ಗುಂಡಿಗೆ ಗುಂಡು ಕೊಟ್ಟದ್ದರ ಬೆಲೆ ಅದು.

ಅದೇ ವರ್ಷ ನವೆಂಬರ್ 7ರಂದು ರಪಹ್ಯಾನಕ್ ಸ್ಟೇಷನ್‌ನಲ್ಲಿ ಬೇರೆಯ ಅನುಭವ. ಮುಸ್ಸಂಜೆಯ ಹೊತ್ತು. ನದಿದಡದ ಮಣ್ಣಿನ ಕೋಟೆಗಳ ಮೇಲೆ ಜನರಲ್ ಡೇವಿಡ್ ರಸೆಲ್‌ನ ನೇತೃತ್ವದಲ್ಲಿ ದಾಳಿ, ಅಪ್ಟನ್‌ನ ಬ್ರಿಗೇಡೂ ಅದರಲ್ಲಿ. (ಕೆಲವು ರೆಜಿಮೆಂಟು ಸೇರಿದರೆ ಬ್ರಿಗೇಡು, ಕೆಲವು ಬ್ರಿಗೇಡು ಸೇರಿದರೆ ಡಿವಿಷನ್, ಕೆಲವು ಡಿವಿಷನ್ ಸೇರಿದರೆ ಕೋರ್.) ಬೆನ್ನ ಮೇಲಿನ ಗಂಟುಮೂಟೆ ಕಳಚಿಟ್ಟು, ಗುಂಡು ಹಾರಿಸದೆ, ಬಯೊನೆಟ್ ಹಿಡಿದು ಓಡಿದರು. 1,600ಕ್ಕೂ ಹೆಚ್ಚು ಸೆರೆಯಾಳುಗಳು, 4 ಫಿರಂಗಿಗಳು ಸಿಕ್ಕವು. ಆರು ತಿಂಗಳ ಅಂತರದ ಈ ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟರೆ ಮೇ 10ರ ಯೋಜನೆಯ ಬೇರು ಕಾಣುತ್ತದೆ. ಅಂದು ಅವನಿಗೆ ಸಿಕ್ಕ 12 ರೆಜಿಮೆಂಟುಗಳಲ್ಲಿ 7 ರಪಹ್ಯಾನಕ್‌ನ ದಾಳಿ ನಡೆಸಿದ ರಸೆಲ್‌ನ ಡಿವಿಷನ್ನಿನವೇ.

ಗೋಡೆ ಹೇಗಿತ್ತು

1864ರ ಮೇ ಮೊದಲ ವಾರ ಒಕ್ಕೂಟದ ದಂಡನಾಯಕ ಗ್ರಾಂಟ್ ಮತ್ತು ದಕ್ಷಿಣದವರ ದಂಡನಾಯಕ ಲೀ ವೈಲ್ಡರ್‌ನೆಸ್ ಎಂಬ ಕುರುಚಲು ಕಾಡಿನಲ್ಲಿ ಕಾದಾಡಿದರು. ಅಲ್ಲಿಂದ ಇಬ್ಬರೂ ದಕ್ಷಿಣಕ್ಕೆ, ಸ್ಪಾಟ್ಸಿಲ್ವೇನಿಯಾ ಕೋರ್ಟ್‌ಹೌಸ್ ಎಂಬ ಕೂಡುರಸ್ತೆಯ ಊರಿಗೆ ಓಡಿದರು. ಲೀಯ ಕಡೆಯವರು ಮೊದಲು ತಲುಪಿ ಅಗೆಯತೊಡಗಿದರು. ಎತ್ತರದ ನೆಲವನ್ನು ಬಿಡಬಾರದೆಂದು ನೆಲದ ಏರಿಳಿತ ಹಿಡಿದೇ ಗೋಡೆ ಕಟ್ಟಿದ್ದರಿಂದ ಅವರ ಸಾಲು ಉತ್ತರಕ್ಕೆ ಲಾಳದ ಹಾಗೆ ಚಾಚಿಕೊಂಡಿತು. ಸುಮಾರು ಒಂದು ಮೈಲಿ ಆಳ, ಅರ್ಧ ಮೈಲಿ ಅಗಲ. ಸೈನಿಕರು ಇಟ್ಟ ಹೆಸರು ‘ಹೇಸರಗತ್ತೆ ಲಾಳ’.

ಹೀಗೆ ಚಾಚಿದ ಸಾಲಿಗೆ ಹುಟ್ಟಿನಿಂದಲೇ ಒಂದು ದೌರ್ಬಲ್ಯವಿದೆ. ಹೊರಗಿನವರ ಗುಂಡು ಮೂರು ಕಡೆಯಿಂದ ಒಳಗೆ ಬಂದು ಸೇರುತ್ತದೆ, ಒಳಗಿನವರ ಗುಂಡು ಹೊರಗೆ ಹೋಗುತ್ತ ಚದುರುತ್ತದೆ. ಮೂಲೆಯಲ್ಲಿ ನಿಂತವನಿಗೆ ಅಕ್ಕಪಕ್ಕದವರ ನೆರವು ಸಿಗುವುದು ಕಡಿಮೆ. ಇಂಥದೊಂದು ಮೂಲೆ ಲಾಳದ ಪಶ್ಚಿಮದ ಬದಿಯಲ್ಲಿತ್ತು, ಅಲ್ಲಿದ್ದದ್ದು ಜಾರ್ಜ್ ಡೋಲ್ಸ್‌ನ ಜಾರ್ಜಿಯಾ ಬ್ರಿಗೇಡು. ಇಂಜಿನಿಯರ್ ಕ್ಯಾಪ್ಟನ್ ರನಾಲ್ಡ್ ಮೆಕೆಂಜಿ ಈ ಜಾಗವನ್ನು ಗುರುತಿಸಿ ಅಪ್ಟನ್‌ಗೆ ತೋರಿಸಿದ. ಮೂಲೆ ಎಂಬುದಷ್ಟೇ ಅಲ್ಲ, ಕಾಡು ಗೋಡೆಗೆ 200 ಗಜದಷ್ಟು ಹತ್ತಿರ ಬರುವ ಜಾಗ ಅದು. ಒಕ್ಕೂಟದ ಸಾಲಿನಿಂದ ನೇರವಾಗಿ ಅದೇ ಜಾಗಕ್ಕೆ ಒಂದು ಕಾಡುದಾರಿಯೂ ಹೋಗುತ್ತಿತ್ತು.

ಗೋಡೆ ಮಾತ್ರ ಗಟ್ಟಿಯಾಗಿತ್ತು. ಹೊರಗಡೆ, ಕೊಂಬೆಗಳ ಚೂಪು ತುದಿ ಎದುರಿಗೆ ಬರುವಂತೆ ಕಡಿದು ಕೆಡವಿದ ಮರಗಳ ಬೇಲಿ. ಅದರ ಹಿಂದೆ ದಿಮ್ಮಿ ಜೋಡಿಸಿ ಮಣ್ಣು ಒಟ್ಟಿದ ಗೋಡೆ. ಅದರ ಮೇಲೆ ಇನ್ನೊಂದು ದಪ್ಪ ದಿಮ್ಮಿ, ಇವೆರಡರ ನಡುವೆ ಕೋವಿಯ ಮೂತಿ ತೂರುವಷ್ಟು ಕಂಡಿ. ಒಳಗೆ ಅಲ್ಲಲ್ಲಿ ಗೋಡೆಗೆ ಅಡ್ಡಲಾಗಿ ಕಟ್ಟಿದ ಗೋಡೆಗಳು. ಪಕ್ಕದಿಂದ ಬರುವ ಗುಂಡನ್ನು ತಡೆಯಲೆಂದು ಕಟ್ಟಿದ್ದವು, ಆದರೆ ಶತ್ರು ಒಳನುಗ್ಗಿದ ಮೇಲೆ ಅವೇ ಒಂದೊಂದೂ ಸಣ್ಣ ಕೋಟೆಯಾಗುತ್ತವೆ. ಬಲಗಡೆ ಒಳಬಾಗಿದ ಜಾಗದಲ್ಲಿ ಒಂದು ಫಿರಂಗಿ ಬ್ಯಾಟರಿ. 100 ಗಜ ಹಿಂದೆ, ಅರೆಬರೆ ಕಟ್ಟಿದ ಎರಡನೇ ಗೋಡೆ, ಅಲ್ಲೂ ಜನ.

200 ಗಜದ ಲೆಕ್ಕ

ಆ ಕಾಲದ ಕೋವಿ ಬಾಯಿಯಿಂದ ತುಂಬುವಂಥದ್ದು. ಕಾಗದದ ತೋಟಾವನ್ನು ಹಲ್ಲಿನಿಂದ ಹರಿ, ಮದ್ದು ಸುರಿ, ಗುಂಡು ಹಾಕು, ಸರಳು ಎಳೆದು ಜಡಿ, ಸರಳನ್ನು ಮತ್ತೆ ಅದರ ಜಾಗಕ್ಕೆ ಸೇರಿಸು. ಆಮೇಲೆ ಸೊಂಟದ ಚೀಲದಿಂದ ಬೆರಳ ತುದಿಗಿಂತ ಚಿಕ್ಕದಾದ ತಾಮ್ರದ ಕೇಪು ತೆಗೆದು ಹಿಂಬದಿಯ ಮೊಳೆಗೆ ಏರಿಸು. ಮಲೆನಾಡಿನಲ್ಲೋ ಕೊಡಗಿನಲ್ಲೋ ಕೇಪಿನ ಕೋವಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಳಗಿದವನು ನಿಮಿಷಕ್ಕೆ 3 ಸಲ ಹಾರಿಸಬಹುದು, ಅಂದರೆ ಒಂದು ಈಡಿಗೆ 20 ಸೆಕೆಂಡು.

ಕವಾಯತಿನ ಪುಸ್ತಕದಲ್ಲಿ ಓಟದ ನಡಿಗೆ ಎಂದರೆ ನಿಮಿಷಕ್ಕೆ 165 ಹೆಜ್ಜೆ, ಹೆಜ್ಜೆಗೆ 33 ಅಂಗುಲ. ನಿಮಿಷಕ್ಕೆ ಸುಮಾರು 150 ಗಜ ಆಗುತ್ತದೆ. 200 ಗಜಕ್ಕೆ 80 ಸೆಕೆಂಡು. ಗೋಡೆಯ ಹಿಂದಿನವನು ಅಷ್ಟರಲ್ಲಿ 4 ಸಲ ಹಾರಿಸಬಲ್ಲ. ದಾಳಿಯವರು ನಡುಬಯಲಿನಲ್ಲಿ ಒಮ್ಮೆ ನಿಂತು ಹಾರಿಸಿ ಮತ್ತೆ ತುಂಬಿಕೊಂಡರೆ ಇನ್ನೂ 20 ಸೆಕೆಂಡು, ಅಂದರೆ ಎದುರಿನ ಪ್ರತಿ ಕೋವಿಯಿಂದ ಇನ್ನೂ ಒಂದು ಗುಂಡು. ಕಾಗದದ ಮೇಲೆ ಇಷ್ಟೇ. ನಿಜದಲ್ಲಿ ಅದಕ್ಕಿಂತ ಬಹಳ ಕೆಟ್ಟದ್ದಾಗುತ್ತದೆ. ಒಮ್ಮೆ ನಿಂತ ಸಾಲು ಮತ್ತೆ ಹೊರಡುವುದಿಲ್ಲ. ಕೈಗೆ ಕೆಲಸ ಸಿಕ್ಕಿದ ಸೈನಿಕ ತುಂಬುತ್ತಾನೆ, ಹಾರಿಸುತ್ತಾನೆ, ಮತ್ತೆ ತುಂಬುತ್ತಾನೆ, ಕಾಲು ನೆಲಕ್ಕೆ ಅಂಟಿರುತ್ತದೆ. ಅವನು ಬಯಲಲ್ಲಿ, ಎದುರಾಳಿ ದಿಮ್ಮಿಯ ಹಿಂದೆ. ಸೇಲಂ ಚರ್ಚಿನಲ್ಲಿ 121ನೇ ನ್ಯೂಯಾರ್ಕ್ ಕಲಿತ ಪಾಠ ಇದೇ. ಆ ಮೂರು ವರ್ಷಗಳಲ್ಲಿ ಎರಡೂ ಕಡೆಯ ಎಷ್ಟೋ ದಾಳಿಗಳು ಹೀಗೇ ನಡುಬಯಲಿನಲ್ಲಿ ಸತ್ತವು.

ಕೇಪು ಏರಿಸದಿರುವ ಆಜ್ಞೆಯ ಮರ್ಮ ಇಲ್ಲಿದೆ. ‘ನಿಲ್ಲಬೇಡಿ, ಹಾರಿಸಬೇಡಿ’ ಎಂದು ಬಾಯಲ್ಲಿ ಹೇಳಿದರೆ ಗುಂಡಿನ ಸದ್ದಿನಲ್ಲಿ ಅದು ಮರೆತುಹೋಗುತ್ತದೆ. ಕೇಪನ್ನೇ ತಡೆಹಿಡಿದರೆ ಸೈನಿಕ ನಿಲ್ಲಲು ಕಾರಣವೇ ಉಳಿಯದು. ಹಿಂದಿನ ಸಾಲಿನವನು ಎಡವಿ ಬಿದ್ದರೆ ಮುಂದಿನವನ ಬೆನ್ನಿಗೆ ಗುಂಡು ಬೀಳುವ ಭಯವೂ ಇಲ್ಲ. ಇಷ್ಟಾಗಿಯೂ ಕೋವಿ ಬರಿದಲ್ಲ. ಗೋಡೆ ತಲುಪಿದ ಮೇಲೆ ಜಡಿಯುವ ಕೆಲಸವಿಲ್ಲ, ಕೇಪು ಏರಿಸಿದರೆ ಸಾಕು, ಎರಡು ಮೂರು ಸೆಕೆಂಡಿನಲ್ಲಿ ಈಡು ಸಿದ್ಧ. ಮೊದಲ ಸಾಲಿಗೆ ಮಾತ್ರ ಕೇಪು ಕೊಟ್ಟದ್ದು ಏಕೆಂದರೆ ಗೋಡೆಯ ಮೇಲೆ ಮುಖಾಮುಖಿಯಾಗುವವರು ಅವರು, ಅವರಿಗೆ ಆ ಎರಡು ಸೆಕೆಂಡೂ ಇರುವುದಿಲ್ಲ.

ಯಾರು ಎಲ್ಲಿ, ಯಾರಿಗೆ ಏನು ಕೆಲಸ

ಹಿಂದಿನ ದಿನವಷ್ಟೇ ಆರನೇ ಕೋರ್‌ನ ದಂಡನಾಯಕ ಸೆಡ್ಜ್‌ವಿಕ್ ಗುರಿಕಾರನೊಬ್ಬನ ಗುಂಡಿಗೆ ಬಲಿಯಾಗಿದ್ದ. ಅವನ ಜಾಗಕ್ಕೆ ಹೊರೇಶಿಯೊ ರೈಟ್, ರೈಟ್‌ನ ಡಿವಿಷನ್ನಿಗೆ ರಸೆಲ್ ಬಂದಿದ್ದರು. ಕೋರ್‌ನ ಮುಖ್ಯ ಸಿಬ್ಬಂದಿ ಅಧಿಕಾರಿ ಮ್ಯಾಕ್‌ಮಹೋನ್ 12 ರೆಜಿಮೆಂಟುಗಳ ಪಟ್ಟಿಯನ್ನು ಅಪ್ಟನ್ ಕೈಗೆ ಕೊಟ್ಟ. ಗೋಡೆ ಗೆದ್ದರೆ ಹೆಗಲಿಗೆ ಜನರಲ್ ಪದವಿಯ ನಕ್ಷತ್ರ ಬರುತ್ತದೆ, ಗೆಲ್ಲದಿದ್ದರೆ ಮರಳಿ ಬರುವ ನಿರೀಕ್ಷೆ ಬೇಡ ಎಂಬ ಮಾತೂ ಆಯಿತು.

ಅಪ್ಟನ್ ಮಾಡಿದ ಮೊದಲ ಕೆಲಸ, ಹನ್ನೆರಡೂ ರೆಜಿಮೆಂಟುಗಳ ದಳಪತಿಗಳನ್ನು ಕಾಡಿನ ಅಂಚಿಗೆ ಕರೆದುಕೊಂಡು ಹೋಗಿ ಗೋಡೆಯನ್ನು ಕಣ್ಣಾರೆ ತೋರಿಸಿದ್ದು. ಅಂದಿನ ದಿನಗಳಲ್ಲಿ ಇದು ರೂಢಿಯಲ್ಲ. ತಾವು ದಾಳಿ ಮಾಡಬೇಕಾದ ಜಾಗವನ್ನು ಹೆಚ್ಚಿನ ಕರ್ನಲ್‌ಗಳು ನೋಡುತ್ತಿದ್ದದ್ದು ಗುಂಡು ಬೀಳಲು ಶುರುವಾದ ಮೇಲೆ.

ಸಾಲಿಗೆ ಮೂರರಂತೆ ನಾಲ್ಕು ಸಾಲು. ಕಾಡುದಾರಿಯ ಬಲಕ್ಕೆ 4 ರೆಜಿಮೆಂಟು, ಎಡಕ್ಕೆ 8. ಮೊದಲ ಸಾಲಿನಲ್ಲಿ ಬಲದಿಂದ ಎಡಕ್ಕೆ 121ನೇ ನ್ಯೂಯಾರ್ಕ್, 96ನೇ ಪೆನ್ಸಿಲ್ವೇನಿಯಾ, 5ನೇ ಮೇನ್. ಎರಡನೆಯದರಲ್ಲಿ 49ನೇ ಪೆನ್ಸಿಲ್ವೇನಿಯಾ, 6ನೇ ಮೇನ್, 5ನೇ ವಿಸ್ಕಾನ್ಸಿನ್. ಮೂರನೆಯದರಲ್ಲಿ 43ನೇ ಮತ್ತು 77ನೇ ನ್ಯೂಯಾರ್ಕ್, 119ನೇ ಪೆನ್ಸಿಲ್ವೇನಿಯಾ. ಕೊನೆಯ ಸಾಲಿನಲ್ಲಿ ವರ್ಮಾಂಟ್‌ನ 2, 5 ಮತ್ತು 6ನೇ ರೆಜಿಮೆಂಟುಗಳು.

ಈಗ ಕೆಲಸದ ಹಂಚಿಕೆ. ಗೋಡೆ ಹತ್ತಿದ ಕೂಡಲೇ 121ನೇ ನ್ಯೂಯಾರ್ಕ್ ಮತ್ತು 96ನೇ ಪೆನ್ಸಿಲ್ವೇನಿಯಾ ಬಲಕ್ಕೆ ತಿರುಗಿ ಫಿರಂಗಿಗಳ ಮೇಲೆ ಬೀಳಬೇಕು. 5ನೇ ಮೇನ್ ಎಡಕ್ಕೆ ತಿರುಗಿ, ಗೋಡೆಯ ಉದ್ದಕ್ಕೂ ಸಾಲು ಹಿಡಿದು ಗುಂಡು ಹಾರಿಸಬೇಕು. ಹೀಗೆ ತೆರವಾದ ನಡುವಿನ ಜಾಗಕ್ಕೆ ಎರಡನೇ ಸಾಲು ಬಂದು, ಗೋಡೆಯಲ್ಲೇ ನಿಂತು ಎದುರಿಗೆ ಹಾರಿಸಬೇಕು. ಮೂರನೇ ಸಾಲು ಅವರ ಹಿಂದೆ ಮಲಗಿ ಆಜ್ಞೆಗೆ ಕಾಯಬೇಕು. ನಾಲ್ಕನೆಯದು ಕಾಡಿನ ಅಂಚು ಬಿಟ್ಟು ಕದಲಬಾರದು. ಎಡಗಡೆಯಿಂದ ಶತ್ರು ಬಂದರೆ ಅತ್ತ ಓರೆಯಾಗಿ ಸಾಲು ಕಟ್ಟಿ ತಡೆಯಬೇಕೆಂದು ವರ್ಮಾಂಟ್‌ನವರ ಕರ್ನಲ್ ಸೀವರ್‌ಗೆ ಮೊದಲೇ ತಿಳಿಸಿದ್ದ. ಎಲ್ಲ ಅಧಿಕಾರಿಗಳಿಗೂ ಇನ್ನೊಂದು ಸೂಚನೆ, ಓಡುವಷ್ಟು ಹೊತ್ತೂ ‘ಮುಂದಕ್ಕೆ’ ಎಂಬ ಒಂದೇ ಮಾತನ್ನು ಕೂಗುತ್ತಲೇ ಇರಬೇಕು.

ಪ್ರತಿ ಸಾಲಿಗೂ ಅದರದೇ ಕೆಲಸ ಇದ್ದದ್ದನ್ನು ಗಮನಿಸಬೇಕು. ಬರಿಯ ದಟ್ಟಣೆಯೇ ಗುರಿಯಾಗಿದ್ದರೆ ಹಿಂದಿನ ಸಾಲು ಮುಂದಿನದನ್ನು ನೂಕಿದರೆ ಸಾಕಿತ್ತು. ಇಲ್ಲಿ ಮುಂದಿನದು ಬಾಗಿಲು ಒಡೆಯುತ್ತದೆ, ಒಡೆದ ಕೂಡಲೇ ಎರಡೂ ಕಡೆಗೆ ತಿರುಗಿ ಬಾಗಿಲನ್ನು ಅಗಲಿಸುತ್ತದೆ, ಎರಡನೆಯದು ಹೊಸ್ತಿಲು ಕಾಯುತ್ತದೆ, ಉಳಿದೆರಡು ಕೈಯಲ್ಲಿರುತ್ತವೆ.

6 ಗಂಟೆ 10 ನಿಮಿಷ

ರೆಜಿಮೆಂಟುಗಳು ಕಾಡುದಾರಿಯಲ್ಲಿ ಒಂದರ ಹಿಂದೊಂದು ಬಂದು, ಬಾಯಿಮಾತಿನ ಆಜ್ಞೆ ಒಂದೂ ಇಲ್ಲದೆ, ತಮ್ಮ ತಮ್ಮ ಜಾಗ ಸೇರಿದ ಹಾಗೇ ಮಲಗಿದವು. ಒಕ್ಕೂಟದ ಬ್ಯಾಟರಿಗಳು ಗೋಡೆಯ ಮೇಲೆ ಗುಂಡು ಸುರಿಸುತ್ತಿದ್ದವು. 6ಕ್ಕೆ 10 ನಿಮಿಷ ಇರುವಾಗ ಕ್ಯಾಪ್ಟನ್ ಡಾಲ್ಟನ್ ಆಜ್ಞೆ ತಂದ: ಸಿದ್ಧವಾದ ಕೂಡಲೇ ಹೊರಡಿ, 6ಕ್ಕೆ ಫಿರಂಗಿ ನಿಲ್ಲುತ್ತದೆ. ಸಿದ್ಧತೆ ಮುಗಿಯಲು ಇನ್ನೂ 20 ನಿಮಿಷ ಹಿಡಿಯಿತು. ಸಾಲುಗಳು ಎದ್ದು, ಸದ್ದಿಲ್ಲದೆ ಕಾಡಿನ ಅಂಚಿಗೆ ಬಂದವು. ಅಲ್ಲಿಂದ ಕೇಕೆ ಹಾಕುತ್ತ, ಬಿರುಮಳೆಯಲ್ಲಿ ಓಡುವವರ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಓಡಿದರು.

ಮುಂದಿನಿಂದ, ಪಕ್ಕದಿಂದ ಗುಂಡು ಬಿತ್ತು. ಸಾಲು ನಿಲ್ಲಲಿಲ್ಲ. ಗೋಡೆಯ ಆ ಬದಿಯಲ್ಲಿ ಜಾರ್ಜಿಯಾದವರು ಗುಂಡಿಯಲ್ಲಿ ಕೂತು, ತುಂಬಿದ ಕೋವಿಯನ್ನು ಬಯೊನೆಟ್ ಸಮೇತ ನೆಟ್ಟಗೆ ಹಿಡಿದಿದ್ದರು, ಹಾರಿದವನು ಅದರ ಮೇಲೇ ಬೀಳಲಿ ಎಂದು. ಮೊದಲು ಗೋಡೆಯ ಮೇಲೆ ತಲೆಯೆತ್ತಿದವರು ತಲೆಗೆ ಗುಂಡು ತಗುಲಿ ಉರುಳಿದರು. ಅದನ್ನು ನೋಡಿದ ಹಿಂದಿನವರು ತಲೆ ಎತ್ತದೆ, ಕೋವಿಯನ್ನು ಕೈಚಾಚಿ ಗೋಡೆಯ ಮೇಲಿಂದ ಕೆಳಮುಖ ಮಾಡಿ ಹಾರಿಸಿದರು. ಕೆಲವರು ಬಯೊನೆಟ್ ಸಿಕ್ಕಿಸಿದ ಕೋವಿಯನ್ನೇ ಭರ್ಜಿಯ ಹಾಗೆ ಒಳಕ್ಕೆ ಎಸೆದರು. 96ನೇ ಪೆನ್ಸಿಲ್ವೇನಿಯಾದ ಒಬ್ಬ ಸಿಪಾಯಿಯನ್ನು ಬಯೊನೆಟ್ ಗೋಡೆಗೇ ಚುಚ್ಚಿ ಹಿಡಿದಿತ್ತು, ಜೊತೆಯವರು ಅವನನ್ನು ಬಿಡಿಸಿದರು. ಈ ಕೈಕೈ ಕಾಳಗ ನಡೆದದ್ದು ಕೆಲವೇ ಕ್ಷಣ.

ಆಮೇಲೆ ಸಾಲು ಉಕ್ಕಿ ಒಳಕ್ಕೆ ಹರಿಯಿತು. ಹೇಳಿದ್ದ ಹಾಗೇ ಬಲಕ್ಕೂ ಎಡಕ್ಕೂ ಹರಡಿತು. ಬ್ಯಾಟರಿ ಕೈಗೆ ಬಂತು, 100 ಗಜ ಹಿಂದಿನ ಎರಡನೇ ಗೋಡೆಯೂ ಬಂತು. ಲೀಯ ಸಾಲಿನಲ್ಲಿ ನಿಜವಾದ ತೂತು ಬಿದ್ದಿತ್ತು.

ಬರಬೇಕಾಗಿದ್ದವರು ಬರಲಿಲ್ಲ

ಆ ತೂತಿನಲ್ಲಿ ಹರಿದುಬರಬೇಕಾಗಿದ್ದದ್ದು ಎಡಗಡೆಯಿದ್ದ ಗರ್ಶಂ ಮಾಟ್‌ನ ಡಿವಿಷನ್ನು. ಅದು ಬರಲಿಲ್ಲ. ಮಾಟ್‌ನ ಜನ ಹೇಡಿಗಳು ಎಂದು ಎಷ್ಟೋ ವರ್ಷ ಬರೆದರು. ಅದು ಅನ್ಯಾಯ. ಅಂದಿನ ವೇಳಾಪಟ್ಟಿ ನೋಡಿದರೆ ತಪ್ಪು ಮೇಲಿನವರದ್ದು.

ಮೊದಲಿನ ಯೋಜನೆಯಂತೆ ಸೈನ್ಯದ ಉದ್ದಕ್ಕೂ ಎಲ್ಲರೂ ಸಂಜೆ 5ಕ್ಕೆ ಒಟ್ಟಿಗೆ ಹೊರಡಬೇಕಿತ್ತು. ಐದನೇ ಕೋರ್‌ನ ವಾರನ್ ತನಗೆ ಒಳ್ಳೆಯ ಅವಕಾಶ ಕಂಡಿದೆ ಎಂದು ಅನುಮತಿ ಪಡೆದು ಮೊದಲೇ ನುಗ್ಗಿ, ಪೆಟ್ಟು ತಿಂದು ಹಿಂದೆ ಬಂದ. ಇದರಿಂದ ಉಳಿದವರ ಹೊತ್ತು ಏರುಪೇರಾಗಿ, ಅಪ್ಟನ್‌ನ ದಾಳಿ ಸುಮಾರು ಒಂದು ಗಂಟೆ ಮುಂದಕ್ಕೆ ಹೋಯಿತು. ಆ ಸುದ್ದಿ ಮಾಟ್‌ಗೆ ಮುಟ್ಟಲಿಲ್ಲ. ತನಗೆ ಮೊದಲು ಹೇಳಿದ್ದ ಹೊತ್ತಿಗೆ, 5 ಗಂಟೆಗೆ, ಅವನು ಒಬ್ಬನೇ ಹೊರಟ. ಅವನೆದುರಿಗಿದ್ದ ಬಯಲು 200 ಗಜದ್ದಲ್ಲ, ಅದರ ಮೂರರಷ್ಟು. ಬಯಲಿಗೆ ಕಾಲಿಟ್ಟ ಕೂಡಲೇ ಲಾಳದ ತುದಿಯಲ್ಲಿದ್ದ ಫಿರಂಗಿಗಳು ಬಾಯಿಬಿಟ್ಟವು. ಎರಡು ತೆಳ್ಳನೆಯ ಬ್ರಿಗೇಡುಗಳು ಚದುರಿ ಕಾಡಿಗೆ ಮರಳಿದವು. ಅಪ್ಟನ್‌ನ ಸಾಲು ಎದ್ದು ನಿಲ್ಲುವ ಹೊತ್ತಿಗೆ ಅವನ ನೆರವಿನ ಪಡೆ ಸೋತು ಒಂದು ಗಂಟೆಯಾಗಿತ್ತು. ಅದನ್ನು ಅವನಿಗೆ ಯಾರೂ ಹೇಳಲಿಲ್ಲ.

ಅಪ್ಟನ್‌ನ ಯೋಜನೆಯೊಳಗೂ ಒಂದು ಎಳೆ ಬಿಚ್ಚಿಕೊಂಡಿತು. ಶತ್ರುವಿಗೆ ಮೂರು ಕಡೆಯಿಂದ ಹೊಸ ಬ್ರಿಗೇಡುಗಳು ಬಂದು ಒತ್ತತೊಡಗಿದಾಗ, ನಾಲ್ಕನೇ ಸಾಲನ್ನು ಕರೆತರಲು ಅಪ್ಟನ್ ಕುದುರೆ ಏರಿ ಹಿಂದಕ್ಕೆ ಹೋದ. ಕಾಡಿನ ಅಂಚಿನಲ್ಲಿ ವರ್ಮಾಂಟ್‌ನವರು ಇರಲಿಲ್ಲ. ಆಜ್ಞೆಗೆ ಕಾಯದೆ ಆಗಲೇ ಮುಂದೆ ಹೋಗಿ ಕಾಳಗದಲ್ಲಿ ಬೆರೆತಿದ್ದರು. ಅವರ ಕೆಚ್ಚನ್ನು ಅಪ್ಟನ್ ತನ್ನ ವರದಿಯಲ್ಲಿ ಹೊಗಳಿದ್ದಾನೆ, ಆದರೆ ಅವನ ಕೈಯಲ್ಲಿ ಇನ್ನು ಮೀಸಲು ಎಂಬುದು ಉಳಿಯಲಿಲ್ಲ. ಓಟದ ರಭಸ ಮುಗಿದಿತ್ತು, ರೆಜಿಮೆಂಟುಗಳು ಒಂದರೊಳಗೊಂದು ಕಲಸಿಹೋಗಿದ್ದವು. ಗೋಡೆಯ ಹೊರಮೈಗೆ ಬಂದು, ಅದನ್ನೇ ಮರೆಯಾಗಿಸಿಕೊಂಡು ಹಾರಿಸಿ ಎಂದು ಹೇಳುವುದಷ್ಟೇ ಉಳಿದದ್ದು.

ಕತ್ತಲಾಯಿತು. ತಮ್ಮ ಸೈನ್ಯಕ್ಕಿಂತ ಮುಕ್ಕಾಲು ಮೈಲಿ ಮುಂದೆ ಅವರೊಬ್ಬರೇ. ಕಾಡಿನ ಅಂಚಿನಲ್ಲಿ ಸಿಕ್ಕ ರಸೆಲ್ ಹಿಂದೆ ಬರಲು ಆಜ್ಞೆ ಕೊಟ್ಟ. ಅಪ್ಟನ್ ಅದನ್ನು ಬರೆದು ಸಾಲಿನ ಉದ್ದಕ್ಕೂ ಕಳಿಸಿದ. ಹಿಡಿದ ಫಿರಂಗಿಗಳನ್ನು ಅಲ್ಲೇ ಬಿಟ್ಟು ಬಂದರು. ಅವನ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 1,000, ಐವರಲ್ಲಿ ಒಬ್ಬ. 49ನೇ ಪೆನ್ಸಿಲ್ವೇನಿಯಾದ ಕರ್ನಲ್ ಹ್ಯೂಲಿಂಗ್ಸ್, ಲೆಫ್ಟಿನೆಂಟ್ ಕರ್ನಲ್ ಮೈಲ್ಸ್ ಇಬ್ಬರೂ ಸತ್ತರು. ಅಪ್ಟನ್‌ನ ವರದಿಯ ಪ್ರಕಾರ ಸೆರೆ ಸಿಕ್ಕವರು 1,000ದಿಂದ 1,200.

ನಕ್ಷತ್ರ, ಮತ್ತು ನಕಲು

ಅಪ್ಟನ್‌ಗೆ ಬಡ್ತಿ ಕೊಡಿ ಎಂದು ಮೇಲಿನ ಜನರಲ್‌ಗಳು ಮೊದಲೇ ಶಿಫಾರಸು ಮಾಡಿದ್ದರು. ರಾಜಕೀಯದವರ ಬೆಂಬಲ ಇಲ್ಲದೆ ಅದು ಕದಲಿರಲಿಲ್ಲ. ಈ ಸಲ ಗ್ರಾಂಟ್ ತನಗಿದ್ದ ಅಧಿಕಾರ ಬಳಸಿ ಯುದ್ಧಭೂಮಿಯಲ್ಲೇ ಬಡ್ತಿ ಕೊಟ್ಟ. ಮೇ 12ರಿಂದ ಅಪ್ಟನ್ ಬ್ರಿಗೇಡಿಯರ್ ಜನರಲ್.

ಅದೇ ಮೇ 12ರ ಬೆಳಗಿನ ಜಾವ ಗ್ರಾಂಟ್ ಅದೇ ಉಪಾಯವನ್ನು ದೊಡ್ಡದು ಮಾಡಿ, ಲಾಳದ ತುದಿಗೇ ಪ್ರಯೋಗಿಸಿದ. ಹ್ಯಾನ್‌ಕಾಕ್‌ನ ಕೋರ್, ಹತ್ತಿರ ಹತ್ತಿರ 20,000 ಜನ, ಮಂಜಿನಲ್ಲಿ ದಟ್ಟವಾಗಿ ನುಗ್ಗಿದರು. ಲೀ ಹಿಂದಿನ ರಾತ್ರಿಯಷ್ಟೇ ಅಲ್ಲಿನ ಫಿರಂಗಿಗಳನ್ನು ಹಿಂದಕ್ಕೆ ಎಳೆಸಿದ್ದರಿಂದ ಗೋಡೆ ಬೇಗ ಒಡೆಯಿತು. ಸುಮಾರು 3,000 ಸೆರೆಯಾಳುಗಳು, 20 ಫಿರಂಗಿಗಳು, ಇಬ್ಬರು ಜನರಲ್‌ಗಳು ಸಿಕ್ಕರು. ಅಲ್ಲಿಗೆ ನಿಂತಿತು. ಒಳಹೋದ ಮೇಲೆ ಬಲಕ್ಕೆ ಯಾರು, ಎಡಕ್ಕೆ ಯಾರು, ಹಿಂದೆ ಉಳಿಯುವವರು ಯಾರು ಎಂದು ಯಾರಿಗೂ ಹೇಳಿರಲಿಲ್ಲ. ಸಾವಿರಾರು ಜನ ಅರ್ಧ ಮೈಲಿ ಅಗಲದ ಜಾಗದಲ್ಲಿ ಜಾತ್ರೆಯ ಹಾಗೆ ಒತ್ತೊತ್ತಾಗಿ ತುಂಬಿದರು, ಹಿಂದಿನಿಂದ ಇನ್ನೂ ಜನ ಬಂದು ನೂಕಿದರು. ಶತ್ರು ತಿರುಗಿ ಬಿದ್ದಾಗ ಅವರನ್ನು ಗೋಡೆಯವರೆಗೆ ಅಟ್ಟಿಕೊಂಡು ಬಂದ. ಆಮೇಲೆ 20 ಗಂಟೆಗೂ ಹೆಚ್ಚು ಕಾಲ, ಮಳೆಯಲ್ಲಿ, ಒಂದೇ ಗೋಡೆಯ ಎರಡು ಬದಿಗೆ ನಿಂತು ಒಬ್ಬರನ್ನೊಬ್ಬರು ಕೊಂದರು. 22 ಅಂಗುಲ ದಪ್ಪದ ಓಕ್ ಮರವೊಂದು ಬರೀ ಕೋವಿಯ ಗುಂಡಿಗೆ ಸಿಕ್ಕಿ ತುಂಡಾಗಿ ಬಿತ್ತು. ಅದರ ಬುಡ ಇಂದಿಗೂ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಹೊಸ ಜನರಲ್ ಅಪ್ಟನ್ ತನ್ನ ಬ್ರಿಗೇಡನ್ನು ತಂದು ಅದೇ ಕೆಸರಿನಲ್ಲಿ ದಿನವಿಡೀ ಕಾದಾಡಿದ.

ಜೂನ್ 1ರಂದು ಕೋಲ್ಡ್ ಹಾರ್ಬರ್‌ನಲ್ಲಿ ಅವನ ಬ್ರಿಗೇಡಿನ ಸರದಿ ಮತ್ತೆ ಬಂತು. ಮುಂದೆ ಹೋದದ್ದು 2ನೇ ಕನೆಕ್ಟಿಕಟ್ ಹೆವಿ ಆರ್ಟಿಲರಿ. ಹೆಸರು ಫಿರಂಗಿಯದಾದರೂ ಕೋವಿ ಹಿಡಿದ ಕಾಲಾಳುಗಳು, ಅವರಿಗೆ ಇದು ಮೊದಲ ದೊಡ್ಡ ಕಾಳಗ. ಅವರ ಕರ್ನಲ್ ಕೆಲಾಗ್ ಗೋಡೆಯ ಮುಂದೆ ಸತ್ತ, ಅರ್ಧ ಸಂಜೆಯಲ್ಲಿ 300ಕ್ಕೂ ಹೆಚ್ಚು ಜನ ಬಿದ್ದರು. ಈ ಸಲ ನೆಲ ನೋಡಲು ಹೊತ್ತಿರಲಿಲ್ಲ, ಜಾಗ ಆರಿಸುವ ಸ್ವಾತಂತ್ರ್ಯವೂ ಇರಲಿಲ್ಲ. ಆ ವಾರ ತಂಗಿಗೆ ಬರೆದ ಕಾಗದದಲ್ಲಿ ಅಪ್ಟನ್ ಕೆಂಡ ಕಾರಿದ್ದಾನೆ. ಕೋರ್ ದಂಡನಾಯಕರು ತಮ್ಮ ಸಾಲಿನ ಉದ್ದಕ್ಕೂ ಒಮ್ಮೆ ಕುದುರೆ ಏರಿ ನೋಡಿಕೊಂಡು ಬರುವುದೂ ಇಲ್ಲ, ಶತ್ರು ಎಲ್ಲಿದ್ದಾನೆ ಎಷ್ಟಿದ್ದಾನೆ ಎಂದು ವಿಚಾರಿಸದೆ ದಾಳಿಗೆ ಆಜ್ಞೆ ಕೊಡುತ್ತಾರೆ, ಅವರಲ್ಲಿ ಕೆಲವರು ಕಾರ್ಪೊರಲ್ ಆಗಲೂ ಯೋಗ್ಯರಲ್ಲ ಎಂದು. ಮೇ 10ರಂದು ಹನ್ನೆರಡು ದಳಪತಿಗಳನ್ನು ಕಾಡಿನ ಅಂಚಿಗೆ ಕರೆದೊಯ್ದವನಿಗೆ ಹಾಗೆ ಬರೆಯುವ ಹಕ್ಕಿತ್ತು.

ಮುಂದಿನ ಹತ್ತು ತಿಂಗಳು

ಸೆಪ್ಟೆಂಬರ್ 19ರಂದು ವಿಂಚೆಸ್ಟರ್‌ನಲ್ಲಿ ಒಕ್ಕೂಟದ ಎರಡು ಕೋರ್‌ಗಳ ನಡುವೆ ಬಿರುಕು ಬಿಟ್ಟಿತು. ಶತ್ರು ಅದರಲ್ಲಿ ನುಗ್ಗಿದಾಗ ಅಪ್ಟನ್ ತನ್ನ ಬ್ರಿಗೇಡನ್ನು ಕಾಡಿನಲ್ಲಿ ಮರೆಮಾಡಿ, ಅವರು ಹತ್ತಿರ ಬರುವವರೆಗೂ ಹಾರಿಸಬೇಡಿ ಎಂದು ತಡೆದು, ಪಕ್ಕದಿಂದ ಬಿದ್ದ. ರಸೆಲ್ ಅಲ್ಲಿ ಸತ್ತ, ಡಿವಿಷನ್ ಅಪ್ಟನ್ ಕೈಗೆ ಬಂತು. ಸ್ವಲ್ಪ ಹೊತ್ತಿಗೆ ಸಿಡಿಗುಂಡಿನ ಚೂರೊಂದು ಅವನ ತೊಡೆ ಸೀಳಿತು. ಹಿಂದಕ್ಕೆ ಹೋಗು ಎಂದು ಅಲ್ಲಿನ ದಂಡನಾಯಕ ಷೆರಿಡನ್ ಹೇಳಿದರೂ ಕೇಳದೆ, ರಕ್ತ ನಿಲ್ಲಲು ಬಿಗಿಯಾಗಿ ಪಟ್ಟಿ ಕಟ್ಟಿಸಿಕೊಂಡು, ಸ್ಟ್ರೆಚರ್ ಮೇಲೆ ಮಲಗಿಯೇ ಡಿವಿಷನ್ ನಡೆಸಿದ.

ಗಾಯ ಮಾಗಿದ ಮೇಲೆ ಸಿಕ್ಕಿದ್ದು ಕುದುರೆ ದಳ, ಜೇಮ್ಸ್ ವಿಲ್ಸನ್ ಕೈಕೆಳಗಿನ ನಾಲ್ಕನೇ ಡಿವಿಷನ್. ವಿಲ್ಸನ್‌ಗೂ ಇನ್ನೂ ಮೂವತ್ತು ತುಂಬಿರಲಿಲ್ಲ. ಅಲಬಾಮಾದ ಕಬ್ಬಿಣದ ಕುಲುಮೆಗಳನ್ನು ಸುಡುತ್ತ ಹೋದ ಈ ದಂಡು 1865ರ ಏಪ್ರಿಲ್ 2ರಂದು ಸೆಲ್ಮಾ ಹಿಡಿಯಿತು. ಏಪ್ರಿಲ್ 16ರಂದು ಜಾರ್ಜಿಯಾದ ಕೊಲಂಬಸ್ ನಗರದೆದುರು ಅಪ್ಟನ್ ಮತ್ತೆ ಹಳೆಯ ಲೆಕ್ಕಕ್ಕೇ ಬಂದ. ಹಗಲಲ್ಲಿ ಹೋದರೆ ಗುರಿಗೆ ಸಿಕ್ಕುತ್ತೇವೆ, ಹಾಗಾದರೆ ರಾತ್ರಿ ಹೋಗೋಣ. ಸವಾರರನ್ನು ಕುದುರೆಯಿಂದ ಇಳಿಸಿ, ಕತ್ತಲಲ್ಲಿ ಗೋಡೆ ದಾಟಿಸಿ, ಶತ್ರು ಬೆಂಕಿ ಇಡುವ ಮೊದಲೇ ನದಿಯ ಸೇತುವೆ ಹಿಡಿದ. ಸಾವಿರಕ್ಕೂ ಹೆಚ್ಚು ಸೆರೆಯಾಳುಗಳು ಸಿಕ್ಕರು. ಲೀ ಶರಣಾಗಿ ಆಗಲೇ ಒಂದು ವಾರವಾಗಿತ್ತು. ಫಿರಂಗಿ, ಕಾಲಾಳು, ಕುದುರೆ, ಮೂರೂ ದಳಗಳನ್ನು ಕಾಳಗದಲ್ಲಿ ನಡೆಸಿದ ಅಪ್ಟನ್‌ಗೆ ಯುದ್ಧ ಮುಗಿದಾಗ 25 ವರ್ಷ.

ಬರೆಯದೆ ಉಳಿದ ಅಧ್ಯಾಯ

ಅಮೆರಿಕದ ಸೈನ್ಯ 1867ರಲ್ಲಿ ಒಪ್ಪಿಕೊಂಡ ಕವಾಯತಿನ ಪುಸ್ತಕ ಅಪ್ಟನ್‌ನದು. ಹಿಂಬದಿಯಿಂದ ತುಂಬುವ ಕೋವಿ ಬಂದ ಮೇಲೆ ಭುಜಕ್ಕೆ ಭುಜ ತಾಗಿಸಿ ನಿಲ್ಲುವುದು ಸಾವಿಗೆ ದಾರಿ ಎಂದು ಕಂಡು, ನಾಲ್ಕು ನಾಲ್ಕು ಜನರ ತಂಡಗಳ ಮೇಲೆ ಅದನ್ನು ಕಟ್ಟಿದ. ಸ್ಪಾಟ್ಸಿಲ್ವೇನಿಯಾದಲ್ಲಿ ದಟ್ಟಣೆಯಿಂದ ಹೆಸರು ಗಳಿಸಿದವನೇ ಮೂರು ವರ್ಷಕ್ಕೆ ಸಾಲನ್ನು ಬಿಡಿಸಿದ್ದು ಗಮನಿಸಬೇಕಾದ ಮಾತು. 1868ರಲ್ಲಿ ಮದುವೆ, ಎರಡೇ ವರ್ಷಕ್ಕೆ ಹೆಂಡತಿ ಎಮಿಲಿ ತೀರಿಕೊಂಡಳು. 1875ರಿಂದ 1877ರವರೆಗೆ, ಸೈನ್ಯದ ಮುಖ್ಯಸ್ಥ ಷರ್ಮನ್ ಕಳಿಸಿದ ಮೇಲೆ ಲೋಕದ ಸೈನ್ಯಗಳನ್ನು ನೋಡಲು ಹೊರಟು ಜಪಾನ್, ಚೀನಾ ದಾಟಿ ಇಂಡಿಯಾಕ್ಕೂ ಬಂದ. ಇಲ್ಲಿನ ಬ್ರಿಟಿಷ್ ಇಂಡಿಯಾ ಸೈನ್ಯದ ಏರ್ಪಾಟಿಗೆ ತನ್ನ ವರದಿಯಲ್ಲಿ ಜಾಗ ಕೊಟ್ಟ.

ಕೊನೆಯ ವರ್ಷಗಳಲ್ಲಿ ತಾಳಲಾರದ ತಲೆನೋವು ಅವನನ್ನು ಕಾಡಿತು. 1881ರ ಮಾರ್ಚ್ 15ರಂದು, ಸ್ಯಾನ್ ಫ್ರಾನ್ಸಿಸ್ಕೊದ ಪ್ರೆಸಿಡಿಯೊ ಠಾಣ್ಯದಲ್ಲಿ, 41ನೇ ವಯಸ್ಸಿನಲ್ಲಿ ತನ್ನ ಕೈಯಾರೆ ಜೀವ ಕಳೆದುಕೊಂಡ. ಅಮೆರಿಕದ ಸೇನಾನೀತಿಯ ಇತಿಹಾಸವನ್ನು ಬರೆಯುತ್ತಿದ್ದ ಅವನ ಹಸ್ತಪ್ರತಿ ಅಪೂರ್ಣವಾಗಿ ಉಳಿಯಿತು. 1904ರಲ್ಲಿ ಯುದ್ಧ ಖಾತೆಯ ಕಾರ್ಯದರ್ಶಿ ಎಲಿಹು ರೂಟ್ ಅದನ್ನು ಸರ್ಕಾರದಿಂದಲೇ ಅಚ್ಚು ಹಾಕಿಸಿದ. ಆ ಪುಸ್ತಕ ಅಂತರ್ಯುದ್ಧದ 1862ನೇ ವರ್ಷಕ್ಕೆ ಬಂದು ನಿಂತುಬಿಡುತ್ತದೆ, ಮೇ 10ರ ಸಂಜೆಗೆ ಇನ್ನೂ ಎರಡು ವರ್ಷ ಇರುವಾಗ.